ಹಚ್ಚಿದ ಪುಡಿಯನ್ನು ಬೇರು ಸಾಕಬೇಕು

"ಸೂಡೋಮೊನಾಸ್ ಪುಡಿಯನ್ನು ಬಿತ್ತನೆ ಬೀಜಕ್ಕೆ ಹಚ್ಚಿದರೆ ಗೋಧಿಯ ಬೇರಿಗೆ ರೋಗ ಬರುವುದಿಲ್ಲ, ಅಲ್ಲವೇ?" ಮಣ್ಣಿನ ಸೂಕ್ಷ್ಮಜೀವಿಗಳ ಬಗ್ಗೆ ಬರೆಯತೊಡಗಿದ ಮೇಲೆ ನನಗೆ ಹೆಚ್ಚು ಬಾರಿ ಎದುರಾದ ಪ್ರಶ್ನೆ ಇದು. ಬೀಜೋಪಚಾರದಿಂದ ಪ್ರಯೋಜನವಿದೆ, ಆದರೆ ಪುಡಿಯಲ್ಲಿರುವ ಸೂಡೋಮೊನಾಸ್ ಬ್ಯಾಕ್ಟೀರಿಯಾವನ್ನು ಬೇರು ಮುಂದೆ ಸಾಕಿಕೊಂಡರೆ ಮಾತ್ರ.

ಗೋಧಿ, ಬಾರ್ಲಿಯಂಥ ಧಾನ್ಯದ ಗಿಡಗಳು ತಾವು ಹೀರಿಕೊಂಡ ಇಂಗಾಲದಲ್ಲಿ ಶೇ. 20ರಿಂದ 30ರಷ್ಟನ್ನು ನೆಲದೊಳಕ್ಕೆ ಇಳಿಸುತ್ತವೆ. ಅದರಲ್ಲಿ ಸುಮಾರು ಅರ್ಧ ಬೇರಿನಲ್ಲೇ ಉಳಿಯುತ್ತದೆ. ಮಿಕ್ಕದ್ದರಲ್ಲಿ ಒಂದು ಪಾಲು ಸಕ್ಕರೆ, ಅಮೈನೋ ಆಮ್ಲ, ಸಾವಯವ ಆಮ್ಲಗಳಾಗಿ ಮಣ್ಣಿಗೆ ಒಸರುತ್ತದೆ. ಈ ಆಹಾರಕ್ಕೆ ಸೂಕ್ಷ್ಮಜೀವಿಗಳು ನೆರೆಯುವ, ಬೇರಿಗಂಟಿದ ತೆಳುವಾದ ಮಣ್ಣಿನ ಪದರಕ್ಕೆ ಜರ್ಮನಿಯ ವಿಜ್ಞಾನಿ ಲೊರೆನ್ಜ್ ಹಿಲ್ಟ್ನರ್ 1904ರಲ್ಲಿ ರೈಜೋಸ್ಫಿಯರ್ ಎಂದು ಹೆಸರಿಟ್ಟರು.

ಈ ನಂಟು ಅತ್ಯಂತ ಸ್ಪಷ್ಟವಾಗಿ ಕಾಣುವುದು ತಂಪು, ತೇವದ ಸೀಮೆಗಳ 'ಟೇಕ್-ಆಲ್' ರೋಗದಲ್ಲಿ. ಬೇರು ಕಪ್ಪಾಗಿ ಕೊಳೆತು ತೆನೆ ಬೆಳ್ಳಗೆ ಜೊಳ್ಳಾಗುವ ಈ ಶಿಲೀಂಧ್ರ ರೋಗ, ಒಂದೇ ಹೊಲದಲ್ಲಿ ಗೋಧಿಯನ್ನೇ ಬಿತ್ತುತ್ತ ಹೋದರೆ ಮೊದಲ ಕೆಲವು ವರ್ಷ ಉಲ್ಬಣಿಸುತ್ತದೆ. ಆಮೇಲೆ, ಅಚ್ಚರಿಯೆಂಬಂತೆ, ತಾನಾಗಿ ಇಳಿಯುತ್ತದೆ. ರೋಗ ತಗಲಿದ ಬೇರಿನ ಗಾಯಗಳಿಂದ ಸೋರುವ ಪೋಷಕಾಂಶಗಳನ್ನು ಉಂಡು ಸೂಡೋಮೊನಾಸ್ ಬ್ಯಾಕ್ಟೀರಿಯಾಗಳು ವರ್ಷದಿಂದ ವರ್ಷಕ್ಕೆ ವೃದ್ಧಿಸುತ್ತವೆ, ಶಿಲೀಂಧ್ರವನ್ನು ತಡೆಯುವ ಪ್ರತಿಜೈವಿಕಗಳನ್ನು ಸ್ರವಿಸುತ್ತವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಲಗಳ ಅಧ್ಯಯನದಂತೆ, ಒಂದು ಗ್ರಾಂ ಬೇರಿನಲ್ಲಿ ಇಂಥ ಬ್ಯಾಕ್ಟೀರಿಯಾಗಳು ಸುಮಾರು 1 ಲಕ್ಷ ದಾಟಿದರೆ ಮಾತ್ರ ರಕ್ಷಣೆ ದೊರೆಯುತ್ತದೆ. ಆ ಮಣ್ಣನ್ನು ಕಾಯಿಸಿದರೆ ರೋಗ ತಡೆಯುವ ಈ ಗುಣ ನಾಶವಾಗುತ್ತದೆ. ಅದರ ಸ್ವಲ್ಪ ಭಾಗವನ್ನು ಬೇರೆ ಮಣ್ಣಿಗೆ ಬೆರೆಸಿದರೆ ಅಲ್ಲಿಗೂ ಸಾಗುತ್ತದೆ. ನನ್ನ ಮಟ್ಟಿಗೆ ನಿರ್ಣಾಯಕವೆನಿಸುವ ಸಾಕ್ಷ್ಯ ವಿಜ್ಞಾನಿಗಳಾದ ಲಿಂಡಾ ಥಾಮಶೋ ಮತ್ತು ಡೇವಿಡ್ ವೆಲ್ಲರ್ 1988ರಲ್ಲಿ ಪ್ರಕಟಿಸಿದ್ದು: ಫಿನಜೀನ್ ಎಂಬ ಪ್ರತಿಜೈವಿಕವನ್ನು ತಯಾರಿಸುವ ಶಕ್ತಿ ಕಳೆದುಕೊಂಡ ಸೂಡೋಮೊನಾಸ್ ತಳಿಗಳು ರೋಗವನ್ನು ಮೊದಲಿನಷ್ಟು ತಡೆಯಲಿಲ್ಲ.

ಇದನ್ನು ಓದಿ ಧಾರವಾಡದ ಕಡೆ ಯಾರೂ ಸೋಯಾ ಅಥವಾ ಹೆಸರಿನ ನಂತರ ಹಿಂಗಾರಿಗೆ ಗೋಧಿ ಬಿತ್ತುವ ಪದ್ಧತಿಯನ್ನು ಬಿಡಬಾರದು. ಟೇಕ್-ಆಲ್ ಇಳಿಯುವ ಮುನ್ನ ಹಲವು ವರ್ಷದ ಫಸಲನ್ನು ಬಲಿ ಪಡೆಯುತ್ತದೆ. ಗೋಧಿಯ ತಳಿಗಳೂ ಈ ಬ್ಯಾಕ್ಟೀರಿಯಾಗಳನ್ನು ಸಾಕುವುದರಲ್ಲಿ ಒಂದೇ ಸಮನಾಗಿಲ್ಲ. ಆದ್ದರಿಂದ ಒಂದೇ ಪುಡಿ ಒಂದು ಹೊಲದಲ್ಲಿ ಫಲ ಕೊಟ್ಟು ಪಕ್ಕದ ಹೊಲದಲ್ಲಿ ಕೊಡದಿದ್ದರೆ ಅದನ್ನು ಮೋಸವೆಂದು ತಕ್ಷಣ ತೀರ್ಮಾನಿಸಬೇಡಿ. ಅವಧಿ ಮೀರದ ಪುಡಿಯನ್ನು ಬೆಲ್ಲದ ಅಂಟಿನೊಂದಿಗೆ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ, ಅಂದೇ ಬಿತ್ತಿರಿ. ಬೇರು ಮೂಡಿ ಉಣಿಸುವವರೆಗೆ ಆ ಬ್ಯಾಕ್ಟೀರಿಯಾಗಳು ಜೀವಂತವಾಗಿರಬೇಕು.