ಮೊದಲು ಸೋಫಾ, ಆಮೇಲೆ ಪರದೆ: ಮುಂಬಯಿ ಹಾಲಿನಲ್ಲಿ ಹೋಮ್ ಥಿಯೇಟರ್

ಡೊಂಬಿವಲಿಯಾಗಲಿ, ಮುಲುಂಡ್ ಆಗಲಿ, 2 ಬಿಎಚ್‌ಕೆ ಹಾಲಿನ ನಕ್ಷೆ ಹೆಚ್ಚುಕಡಿಮೆ ಒಂದೇ. 10 ಅಡಿ ಅಗಲ, 16 ಅಡಿ ಉದ್ದ. ಒಂದು ತುದಿಗೆ ಮುಖ್ಯ ಬಾಗಿಲು, ಇನ್ನೊಂದು ತುದಿಗೆ ಬಾಲ್ಕನಿಯ ಸರಿಯುವ ಗಾಜು, ಉದ್ದ ಗೋಡೆಗೆ ಒತ್ತಿಕೊಂಡ ಸೋಫಾ, ಅದರ ಎದುರು ಗೋಡೆಗೆ ಟಿವಿ. ಟಿವಿ ಇದ್ದ ಜಾಗದಲ್ಲೇ ಪ್ರೊಜೆಕ್ಟರಿನ ಪರದೆ ಇಳಿಬಿಟ್ಟರೆ ಕಣ್ಣಿಗೂ ಪರದೆಗೂ ನಡುವೆ 8 ಅಡಿಯಷ್ಟೇ ಸಿಗುವುದು. ತಲೆ ಹಿಂದಿನ ಗೋಡೆಗೆ ತಾಗಿಕೊಂಡಿರುವುದರಿಂದ ಬಾಸ್ ಉಬ್ಬುತ್ತದೆ, ಪಕ್ಕದಿಂದ, ಹಿಂದಿನಿಂದ ಸದ್ದು ಕೊಡುವ ಸರೌಂಡ್ ಸ್ಪೀಕರ್‌ಗಳಿಗೆ ಜಾಗವೇ ಇರುವುದಿಲ್ಲ. ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಬೆಲೆ ವಿಚಾರಿಸುವ ಮುಂಚೆ ಸೋಫಾವನ್ನು ಬಾಲ್ಕನಿಯ ಕಡೆಗೆ ತಿರುಗಿಸಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಬಾಲ್ಕನಿ ಗಾಜಿನಿಂದ 1 ಅಡಿ ಈಚೆಗೆ ಮೋಟಾರ್ ಪರದೆ ಇಳಿಯಲಿ. ಅಲ್ಲಿಂದ ಕೂತವರ ಕಿವಿ 10½ ಅಡಿ ದೂರದಲ್ಲಿರಲಿ. ಬೆನ್ನ ಹಿಂದೆ 4½ ಅಡಿ ಉಳಿಯುತ್ತದೆ. ಬಾಗಿಲಿಗೆ ಓಡಾಡುವುದಕ್ಕೂ ಸಾಕು, ಸದ್ದು ಉಸಿರಾಡುವುದಕ್ಕೂ ಸಾಕು. ಪರದೆಯ ಹಿಂಬದಿಗೆ ಕಪ್ಪು ಲೇಪನವಿರುವುದನ್ನೇ ಆರಿಸಿ. ಇಲ್ಲದಿದ್ದರೆ ಹಗಲಲ್ಲಿ ಹೊರಗಿನ ಬೆಳಕು ಬಟ್ಟೆಯಲ್ಲಿ ಹಾಯ್ದು ಚಿತ್ರವನ್ನು ಬಿಳಚಿಸುತ್ತದೆ.

ಅಳತೆ ಎಷ್ಟು? ಕೂತಲ್ಲಿಂದ ಪರದೆಯ ಅಗಲ 30ರಿಂದ 40 ಡಿಗ್ರಿಯಷ್ಟು ನೋಟವನ್ನು ತುಂಬಬೇಕು. ಲೆಕ್ಕ ಸುಲಭ: ದೂರವನ್ನು 0.54ರಿಂದ ಗುಣಿಸಿದರೆ 30 ಡಿಗ್ರಿಯ ಅಗಲ, 0.73ರಿಂದ ಗುಣಿಸಿದರೆ 40 ಡಿಗ್ರಿಯ ಅಗಲ. 126 ಇಂಚು ದೂರಕ್ಕೆ ಇದು 68ರಿಂದ 92 ಇಂಚು. ಅಂದರೆ 87 ಇಂಚು ಅಗಲದ, ಮೂಲೆಯಿಂದ ಮೂಲೆಗೆ 100 ಇಂಚಿನ ಪರದೆಯೂ ನಡೆಯುತ್ತದೆ, 80 ಇಂಚು ಅಗಲದ 92 ಇಂಚಿನದೂ ನಡೆಯುತ್ತದೆ. ಎಲ್ಲರ ಕೈ 100ರ ಕಡೆಗೇ ಹೋಗುತ್ತದೆ. ಈ ಹಾಲಿಗೆ 92 ಸರಿ, ಕಾರಣ ಕಣ್ಣಲ್ಲ, ಕಿವಿ. 120 ಇಂಚು ಅಗಲದ ಕೋಣೆಯಲ್ಲಿ 100ರ ಪರದೆಯಾದರೆ ಚಿತ್ರದ ಎರಡೂ ಬದಿ ಹದಿನಾರು ಇಂಚಷ್ಟೇ ಉಳಿಯುವುದು, ಅದರಲ್ಲೂ ಒಂದಿಷ್ಟು ಕಪ್ಪು ಅಂಚಿಗೆ ಹೋಗುತ್ತದೆ. ಸ್ಪೀಕರ್‌ಗಳು ಮೂಲೆಗೆ ತುರುಕಿಕೊಂಡು, ಸಂಭಾಷಣೆಯೆಲ್ಲ ಪೀಪಾಯಿಯೊಳಗಿಂದ ಬಂದ ಹಾಗೆ ಕೇಳುತ್ತದೆ. 92ರಲ್ಲಿ ಚಿತ್ರದ ಬದಿಗೆ 20 ಇಂಚು ಸಿಗುತ್ತದೆ. ಎರಡು ಸ್ಪೀಕರ್‌ಗಳು ಒಂದಕ್ಕೊಂದು 100 ಇಂಚು ಅಂತರದಲ್ಲಿ ಕೂತು, ಕೂತವರ ನೇರ ಮುಂದಿನ ಗೆರೆಯಿಂದ ಎಡಕ್ಕೂ ಬಲಕ್ಕೂ ಬೇಕಾದ 22 ಡಿಗ್ರಿ ಕೋನ ಸರಿಯಾಗಿ ಒದಗುತ್ತದೆ. ನಂಬಿಕೆ ಬಾರದಿದ್ದರೆ ಹಳೆಯ ‘ಕರ್ನಾಟಕ ಮಲ್ಲ’ ಪತ್ರಿಕೆಯ ಹಾಳೆಗಳನ್ನು ಗಾಜಿಗೆ 80 × 45 ಇಂಚಿನ ಅಳತೆಗೆ ಅಂಟಿಸಿ, ಎರಡು ದಿನ ಅದರ ಮುಂದೆ ಕೂತು ನೋಡಿ.

ಇನ್ನು ಬಟ್ಟೆಯ ಗೇನ್, ಅಂದರೆ ಬಿದ್ದ ಬೆಳಕನ್ನು ಎಷ್ಟು ಮರಳಿಸುತ್ತದೆ ಎನ್ನುವ ಅಳತೆ. ಪ್ರೊಜೆಕ್ಟರಿನ ಬೆಳಕಿನ ಅಳತೆಯಾದ ಲ್ಯೂಮೆನ್ ಅನ್ನು ಗೇನ್‌ನಿಂದ ಗುಣಿಸಿ, ಪರದೆಯ ಚದರ ಅಡಿಯಿಂದ ಭಾಗಿಸಿದರೆ ಫುಟ್-ಲ್ಯಾಂಬರ್ಟ್ ಲೆಕ್ಕದಲ್ಲಿ ಹೊಳಪು ಸಿಗುತ್ತದೆ. ಡಬ್ಬದ ಮೇಲೆ 2,500 ಎಂದಿದ್ದರೂ ಸಿನಿಮಾ ಮೋಡಿಗೆ ಹಾಕಿದಾಗ ಅದು ಅರ್ಧಕ್ಕೆ ಇಳಿಯುವುದು ಮಾಮೂಲು, 1,200 ಎಂದಿಟ್ಟುಕೊಳ್ಳಿ. 92 ಇಂಚಿನ ಪರದೆ 25 ಚದರ ಅಡಿ. ಗೇನ್ 1.0 ಆದರೆ 48, ಬೂದು ಬಣ್ಣದ 0.8 ಆದರೆ 38. ಡಿಜಿಟಲ್ ಸಿನಿಮಾ ಮಂದಿರಗಳ ಮಾನದಂಡವೇ 14. ಹಾಗಿರುವಾಗ 1.3, 1.5 ಗೇನ್‌ಗೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ. ನಡುವೆ ಹೊಳಪಿನ ಮಚ್ಚೆ ಬೀಳುತ್ತದೆ, ಬದಿಗೆ ಕೂತವರಿಗೆ ಚಿತ್ರ ಮಂಕಾಗುತ್ತದೆ. ನಮ್ಮ ಹಾಲುಗಳ ನಿಜವಾದ ಶತ್ರು ಬಿಳಿ ಡಿಸ್ಟೆಂಪರ್. ಪರದೆಯ ಬೆಳಕೇ ಗೋಡೆಗೆ, ಸೀಲಿಂಗಿಗೆ ಬಡಿದು ಮರಳಿ ಬಂದು ಕಪ್ಪನ್ನು ಬೂದು ಮಾಡುತ್ತದೆ. ಪರದೆಯ ಮುಂದಿನ 4 ಅಡಿ ಸೀಲಿಂಗಿಗೆ ಗಾಢ ಬಣ್ಣದ ಮ್ಯಾಟ್ ಪೇಂಟ್ ಬಳಿದರೆ ಆಗುವ ಲಾಭ ದುಬಾರಿ ಬಟ್ಟೆಯಿಂದಲೂ ಆಗುವುದಿಲ್ಲ. ಮನೆಯವರು ಒಪ್ಪದಿದ್ದರೆ 0.8ರ ಬೂದು ಪರದೆ.

ಎಎಲ್‌ಆರ್ (ಸುತ್ತಲಿನ ಬೆಳಕನ್ನು ತಡೆಯುವ ಪರದೆ) ಎಂಬ ಮೂರಕ್ಷರಕ್ಕೆ ಮರುಳಾಗುವವರಿಗೆ ಒಂದು ಎಚ್ಚರಿಕೆ. ಗೋಡೆಗೆ ಒತ್ತಿ ನೆಲಮಟ್ಟದಲ್ಲಿಡುವ ಅಲ್ಟ್ರಾ ಶಾರ್ಟ್ ಥ್ರೋ ಪ್ರೊಜೆಕ್ಟರಿಗೆಂದು ಮಾಡಿದ ಎಎಲ್‌ಆರ್ ಪರದೆ ಕೆಳಗಿನಿಂದ ಬಂದ ಬೆಳಕನ್ನು ಮಾತ್ರ ಕಣ್ಣಿಗೆ ಕಳಿಸಿ, ಮೇಲಿನಿಂದ ಬಂದದ್ದನ್ನು ನುಂಗುತ್ತದೆ. ಸೀಲಿಂಗಿಗೆ ತೂಗಿದ ಪ್ರೊಜೆಕ್ಟರಿನ ಮುಂದೆ ಅದನ್ನು ಹಾಕಿದರೆ ಚಿತ್ರವೇ ಮಂಕು. ಇಬ್ಬರು ಬೇರೆ ಬೇರೆ ಅಂಗಡಿಯವರಿಂದ ಪರದೆ, ಪ್ರೊಜೆಕ್ಟರ್ ಕೊಂಡಾಗ ಈ ಎಡವಟ್ಟು ಆಗುತ್ತದೆ.

ಪರದೆ ಆರ್ಡರ್ ಮಾಡುವಾಗ ಮೇಲಿನ ಕಪ್ಪು ಪಟ್ಟಿಯ ಉದ್ದವನ್ನು ಬಾಯಿಬಿಟ್ಟು ಹೇಳಿ. ಚಿತ್ರದ ಕೆಳ ಅಂಚು ನೆಲದಿಂದ 26 ಇಂಚು, ಮೇಲಂಚು 71 ಇಂಚು ಇದ್ದರೆ ಕೂತವರ ಕಣ್ಣು ಕೆಳಗಿನ ಮೂರನೇ ಒಂದು ಭಾಗಕ್ಕೆ ಬರುತ್ತದೆ. ಪಿಒಪಿ (ಪ್ಲಾಸ್ಟರಿನ ಒಳಸೀಲಿಂಗ್) ಆದ ಮೇಲಿನ ಎತ್ತರ 102 ಇಂಚು, ಪೆಟ್ಟಿಗೆಗೆ 4 ಇಂಚು ಬಿಟ್ಟರೆ 27 ಇಂಚು ಕಪ್ಪು ಪಟ್ಟಿ ಬೇಕು. ಸುಮ್ಮನೆ ಕೊಂಡರೆ ಚಿಕ್ಕ ಪಟ್ಟಿ ಬರುತ್ತದೆ, ಚಿತ್ರ ಸೀಲಿಂಗಿಗೆ ನೇತಾಡುತ್ತದೆ, ಕತ್ತು ನೋಯುತ್ತದೆ. ಬದಿಯಲ್ಲಿ ದಾರ ಎಳೆದು ಬಿಗಿಮಾಡುವ ಟ್ಯಾಬ್-ಟೆನ್ಷನ್ ಮಾದರಿ ದುಬಾರಿಯಾದರೂ ಅದೇ ಇರಲಿ. ಬಿಗಿತವಿಲ್ಲದ ಪಿವಿಸಿ ಬಟ್ಟೆ ಕೆಲವೇ ತಿಂಗಳಲ್ಲಿ ಅಂಚು ಮಡಚಿ ಅಲೆಯೇಳುತ್ತದೆ. ಪೆಟ್ಟಿಗೆ 8 ಅಡಿಗೂ ಉದ್ದ. ಲಿಫ್ಟಿನಲ್ಲಿ ಓರೆಯಾಗಿ ನಿಲ್ಲುತ್ತದೆಯೇ, ಇಲ್ಲವಾದರೆ ಮೆಟ್ಟಿಲಿನ ತಿರುವಿನಲ್ಲಿ ಹಾಯುತ್ತದೆಯೇ ಎಂದು ಅಳೆದೇ ಹಣ ಕೊಡಿ. ಪಿಒಪಿಗೆ ಅದನ್ನು ತೂಗಬೇಡಿ. ಫಾಸ್ಟನರ್ ಆರ್‌ಸಿಸಿ ಸ್ಲ್ಯಾಬಿಗೇ ಹೋಗಬೇಕು.

ಪ್ರೊಜೆಕ್ಟರಿನ ಥ್ರೋ, ಅಂದರೆ ಚಿತ್ರದ ಅಗಲದ ಎಷ್ಟು ಪಟ್ಟು ದೂರ ಬೇಕೆನ್ನುವ ಲೆಕ್ಕ, 1.2ರಿಂದ 1.5 ಇದ್ದರೆ ಲೆನ್ಸ್ ಪರದೆಯಿಂದ 8ರಿಂದ 10 ಅಡಿ. ಅಲ್ಲೇ ಇದೆ ಹಾಲಿನ ಫ್ಯಾನ್! ಲೆನ್ಸ್ ರೆಕ್ಕೆಗಿಂತ ಕೆಳಗಿರಬೇಕು, ಇಲ್ಲವಾದರೆ ಚಿತ್ರ ಮಿಣಮಿಣ ಎನ್ನುತ್ತದೆ. ಎಷ್ಟು ಕೆಳಗೆ ಎನ್ನುವುದು ಆ ಮಾದರಿಯ ಆಫ್‌ಸೆಟ್ (ಲೆನ್ಸಿಗೂ ಚಿತ್ರಕ್ಕೂ ಇರುವ ಎತ್ತರದ ಅಂತರ) ಮೇಲೆ ನಿಂತಿದೆ; ಮ್ಯಾನುಯಲ್ ನೋಡಿ ರಾಡ್ ಕತ್ತರಿಸಿ. ಕೀಸ್ಟೋನ್ ಒತ್ತಿ ಚಿತ್ರ ನೇರ ಮಾಡುವುದು ಪಿಕ್ಸೆಲ್ ಕಳೆದುಕೊಳ್ಳುವ ದಾರಿ.

ಸ್ಪೀಕರ್‌ಗಳಿಗೆ ಬರೋಣ. ಮುಂದಿನ ಎರಡಕ್ಕೆ ಸ್ಟ್ಯಾಂಡಿನ ಮೇಲಿಡುವ ಬುಕ್‌ಶೆಲ್ಫ್ ಮಾದರಿ ಸಾಕು. ಚೂಪು ಸದ್ದು ಹೊರಡಿಸುವ ಟ್ವೀಟರ್ ಕಿವಿಯ ಮಟ್ಟಕ್ಕೆ, ಅಂದರೆ 38ರಿಂದ 40 ಇಂಚಿಗೆ. ಸಂಭಾಷಣೆಯ ಸೆಂಟರ್ ಸ್ಪೀಕರ್ ಪರದೆಯ ಕೆಳಗೆ, ಮೂತಿ ಮೇಲಕ್ಕೆತ್ತಿ ಕಿವಿಗೆ ಗುರಿಮಾಡಿ. ಅದನ್ನು ಕಪಾಟಿನೊಳಗೆ ಹಿಂದಕ್ಕೆ ತಳ್ಳಿದರೆ ಮಾತು ಕಲಸಿಹೋಗುತ್ತದೆ; ಅಂಚಿಗೆ ಎಳೆದಿಡಿ. ಸ್ಪೀಕರ್‌ಗಳ ಬೆನ್ನಿಗಿರುವುದು ಗಾಜಾದ್ದರಿಂದ ಅದಕ್ಕೆ ದಪ್ಪ ಕರ್ಟನ್ ಎಳೆದೇ ಇರಲಿ, ಅಲ್ಯುಮಿನಿಯಂ ಟ್ರ್ಯಾಕಿನ ಗಿರಗಿರ ಸದ್ದಿಗೆ ಫೆಲ್ಟ್ ಪಟ್ಟಿ ಸಿಕ್ಕಿಸಿ.

ಸರೌಂಡ್ ಸ್ಪೀಕರ್‌ಗಳು ನೇರ ಮುಂದಿನಿಂದ ಅಳೆದು 110 ಡಿಗ್ರಿಯಲ್ಲಿ, ಅಂದರೆ ಪಕ್ಕದ ಗೋಡೆ ನಡು ಸೀಟಿನಿಂದ 5 ಅಡಿ ದೂರವಿದ್ದರೆ ಕಿವಿಯಿಂದ 1¾ ಅಡಿ ಹಿಂದೆ, ನೆಲದಿಂದ 5 ಅಡಿ ಮೇಲೆ. ಒಂದು ಬದಿಯಲ್ಲಿ ಅಡುಗೆಮನೆಗೆ ಹೋಗುವ ದಾರಿ ಬರುತ್ತದೆ, ಗೋಡೆಯೇ ಇರುವುದಿಲ್ಲ. ಆ ಬದಿಯದನ್ನು ಹಿಂದಿನ ಗೋಡೆಗೆ ಓಡಿಸುವುದು ಸಾಮಾನ್ಯ ತಪ್ಪು. ಸೀಲಿಂಗಿನಿಂದ ಬ್ರ್ಯಾಕೆಟ್ ಇಳಿಸಿ, ಇನ್ನೊಂದರ ಎತ್ತರಕ್ಕೇ ತೂಗಿ.

ಬಾಸ್ ಕೊಡುವ ಸಬ್‌ವೂಫರ್‌ಗೆ ಲೆಕ್ಕ ಬೇಕು. 16 ಅಡಿ ಉದ್ದದ ಹಾಲ್ 35 ಹರ್ಟ್ಸ್‌ನಲ್ಲೂ 10 ಅಡಿ ಅಗಲ 56 ಹರ್ಟ್ಸ್‌ನಲ್ಲೂ ಗುಂಯ್‌ಗುಡುತ್ತವೆ. ಹಾಲಿನ ನಟ್ಟನಡುವೆ, 8 ಅಡಿಯಲ್ಲಿ, ಆ 35 ಸತ್ತುಹೋಗುತ್ತದೆ. ನಮ್ಮ ಸೋಫಾ ಗಾಜಿನಿಂದ 11½ ಅಡಿಯಲ್ಲಿರುವುದರಿಂದ ಪಾರು. ಸಬ್ ಅನ್ನು ಮೂಲೆಗಿಟ್ಟರೆ 56 ಕೆರಳುತ್ತದೆ, ಆದರೆ ಅಗಲದ ಮಧ್ಯೆ ಕೂತವರಿಗೆ ಅದು ಕೇಳುವುದೇ ಇಲ್ಲ, ಗೋಡೆಪಕ್ಕದವರಿಗೆ ಮಾತ್ರ ಬಡಿಯುತ್ತದೆ. ಪರದೆಯ ಕೆಳಗೆ ಅಗಲದ ನಡುವಿಗೆ ತಂದರೆ ಆ ಕಂಪನ ಎದ್ದೇಳುವುದಿಲ್ಲ. ಇಷ್ಟಾದ ಮೇಲೂ ಸಬ್ ಅನ್ನು ಸೋಫಾದ ಮೇಲಿಟ್ಟು, ಬಾಸ್ ಇರುವ ಹಾಡು ಹಾಕಿ, ನೆಲದಲ್ಲಿ ತೆವಳುತ್ತ ಎಲ್ಲಿ ಸಮವಾಗಿ ಕೇಳುತ್ತದೆಂದು ಹುಡುಕಿ. ಅದೇ ಅದರ ಜಾಗ. ಅಡಿಗೆ ದಪ್ಪ ರಬ್ಬರ್ ಅಥವಾ ಫೋಮ್ ಪ್ಯಾಡ್ ಹಾಕಿ, ನಿಮ್ಮ ನೆಲ ಕೆಳಗಿನವರ ಸೀಲಿಂಗ್ ತಾನೇ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶಕ್ಕೆ ಕಾನೂನಿನ ಮಿತಿ 45 ಡೆಸಿಬೆಲ್.

ವೈರಿಂಗ್ ಪಿಒಪಿಗಿಂತ ಮುಂಚೆ ಮುಗಿಯಬೇಕು. 8 ಓಮ್ ಸ್ಪೀಕರಿಗೆ 12 ಮೀಟರ್‌ವರೆಗೆ 1.5 ಚದರ ಮಿ.ಮೀ. ತಾಮ್ರದ ವೈರ್ ಧಾರಾಳ, 4 ಓಮ್ ಆದರೆ 2.5. ಪ್ರೊಜೆಕ್ಟರಿಗೆ 10 ಮೀಟರ್ ಎಚ್‌ಡಿಎಂಐ ಬೇಕಾದರೆ ಫೈಬರ್ ಆಪ್ಟಿಕ್ ಕೇಬಲ್. ಅದಕ್ಕೆ ದಿಕ್ಕಿದೆ, ಉಲ್ಟಾ ಎಳೆದರೆ ಚಿತ್ರ ಬರುವುದಿಲ್ಲ. ಹೊಸ ಟವರುಗಳ ಮಿವಾನ್ (ಅಚ್ಚಿನಲ್ಲಿ ಎರಕ ಹೊಯ್ದ) ಗೋಡೆ ಕಾಂಕ್ರೀಟಿನದು, ಕಟ್ಟಡದ ಭಾರ ಹೊರುವಂಥದ್ದು. ಅದನ್ನು ಕೊರೆದು ಪೈಪ್ ಹೂಳಬಾರದು, ಕೇಸಿಂಗ್ ಪಟ್ಟಿಯಲ್ಲಿ ಮೇಲ್ಗಡೆಯೇ ಹಾಯಿಸಿ.

ಕೊನೆಗೆ ಎಲ್ಲ ಸ್ಪೀಕರ್‌ಗಳನ್ನು ನಡೆಸುವ ರಿಸೀವರಿನ ಮೈಕ್ ಕಿವಿಯ ಎತ್ತರಕ್ಕೆ ನಿಲ್ಲಿಸಿ, ಫ್ಯಾನ್ ಎಸಿ ಆರಿಸಿ ಅಳತೆ ತೆಗೆಸಿ. ಆಮೇಲೆ ಎಲ್ಲ ಸ್ಪೀಕರ್ ‘ಸ್ಮಾಲ್’, ಕ್ರಾಸ್‌ಓವರ್ (ಅದಕ್ಕಿಂತ ತಗ್ಗಿನ ಸದ್ದು ಸಬ್‌ಗೆ ಹೋಗುವ ಗಡಿ) 80 ಹರ್ಟ್ಸ್ ಇದೆಯೇ ನೋಡಿ. ಯಂತ್ರ ಎಷ್ಟೋ ಸಲ ‘ಲಾರ್ಜ್’ ಎಂದು ಬರೆದುಕೊಂಡಿರುತ್ತದೆ.

ಜೂನ್ ಬಂದರೆ ಸುತ್ತಿಟ್ಟ ಪರದೆಗೆ ಬೂಷ್ಟು ಹಿಡಿಯುತ್ತದೆ. ಮಳೆ ನಿಲ್ಲುವವರೆಗೆ ವಾರಕ್ಕೊಮ್ಮೆ ಪೂರ್ತಿ ಇಳಿಸಿ, ಅರ್ಧ ಗಂಟೆ ಫ್ಯಾನಿನ ಗಾಳಿ ಬಿಡಿ. ಒದ್ದೆ ಮಾಡಿ ಹಿಂಡಿದ ಮೆದು ಬಟ್ಟೆಯಿಂದ ಒರೆಸಬಹುದು, ಗಾಜು ಒರೆಸುವ ದ್ರಾವಣ ಮಾತ್ರ ಹತ್ತಿರ ತರಬೇಡಿ.