ಕೈತುಂಬ ಜೋಕರ್

ಶಿರಸಿ ಕಡೆ ಮದುವೆಮನೆಯ ಹಿಂದಿನ ರಾತ್ರಿ ಅಂದರೆ ಇಸ್ಪೀಟು ಇರಲೇಬೇಕು. ದೊಡ್ಡಮ್ಮನ ಮಗಳ ಮದುವೆಯಲ್ಲೂ ಊಟ ಮುಗಿದು ಬಾಳೆ ಎತ್ತುತ್ತಿದ್ದಂತೆ ಜಗಲಿಗೆ ಕಂಬಳಿ ಬಿತ್ತು, ರಮ್ಮಿಗೆ ಕೂತೆವು. ಓಪನ್ ಆದ ಎಲೆ ಕಳಾವರ್ ಏಳು. ಎರಡು ಪ್ಯಾಕಿನಲ್ಲಿ ಉಳಿದ ಏಳು ಏಳುಗಳೂ ಜೋಕರ್, ಯಾವ ಎಲೆಯ ಬದಲಿಗೂ ಆಗುವಂಥವು; ಟೋಪಿ ಹಾಕಿಕೊಂಡ ಅಚ್ಚಿನ ಜೋಕರ್ ಬೇರೆ. ನನ್ನ ಕೈಗೆ ಮೂರು ಏಳು, ಒಂದು ಅಚ್ಚಿನದು! ನನ್ನ ಮುಖ ಅರಳಿದ್ದನ್ನು ಎದುರಿಗಿದ್ದ ಮಾವ ನೋಡಿಯೇಬಿಟ್ಟರು.

ಆದರೆ ಜೋಕರ್ ಸೇರಿಸದೆ ಒಂದು ಸೀಕ್ವೆನ್ಸ್ ಆಗಬೇಕಲ್ಲ, ನಾವು ಲೈಫ್ ಅನ್ನುವುದು, ಅದು ಆಗಲೇ ಇಲ್ಲ. ಆಟೀನ್ ಎಂಟು, ಹತ್ತು ಹಿಡಿದು ಒಂಬತ್ತಕ್ಕೆ ಕಾದೆ. ಮಾವ ಆಟ ಮುಗಿಸಿ ಶೋ ಮಾಡಿದರು. ನನಗೆ ಪೂರಾ 80 ಪಾಯಿಂಟ್ ದಂಡ.

"ಜೋಕರ್ ಕೈಗೆ ನಾಕು ಜೋಕರ್ ಕೊಟ್ರೆ ಮತ್ತೆಂತ ಆಗ್ತು ಮಾರಾಯಾ!"

ಎಲ್ಲರೂ ನಕ್ಕರು. ಬೆಂಗಳೂರಿಂದ ಬಂದ ಅಕ್ಕನ ಮಗ ಮಾತ್ರ ನಗಲಿಲ್ಲ. ಅವನ ಟೀ ಶರ್ಟ್ ಮೇಲೆ ಕಿವಿಯವರೆಗೂ ಕೆಂಪು ಬಳಿದುಕೊಂಡ ಬಾಯಿ. "ಅಜ್ಜಾ, ಜೋಕರ್ ಅಂದ್ರೆ ಕೊಲೆಗಾರ," ಅಂದ. 1940ರಲ್ಲಿ ಬ್ಯಾಟ್‌ಮನ್ ಕಾಮಿಕ್‌ನಲ್ಲಿ ಹುಟ್ಟಿದ ಆ ಖಳನ ವೇಷ ಕಟ್ಟಿ ಇಬ್ಬರು ನಟರು ಆಸ್ಕರ್ ಗೆದ್ದಿದ್ದಾರೆ ಅಂತಲೂ ಒದರಿದ.

ಮಾವನಿಗೆ ಗೊತ್ತಿದ್ದದ್ದು ಸರ್ಕಸ್ಸಿನವನು. ಉಯ್ಯಾಲೆ ತಪ್ಪಿ ಬಲೆಗೆ ಬೀಳುವವನು, ಚಡ್ಡಿ ಜಾರಿಸಿಕೊಳ್ಳುವವನು. "ಬೇಕೂಂತ ಬೀಳೂದು ಸುಲಭ ಅಲ್ಲ ತಮಾ," ಅಂದರು. ನನಗೂ ಹೌದನ್ನಿಸಿತು. ಯಕ್ಷಗಾನದ ಪೂರ್ವರಂಗದಲ್ಲಿ ಕೋಡಂಗಿ ವೇಷ ಕಲಿಯುವ ಹುಡುಗರದು; ಹೆಜ್ಜೆ, ತಾಳ ಅಲ್ಲೇ ಪಳಗಬೇಕು. ಇನ್ನೊಬ್ಬರನ್ನು ಕೋಡಂಗಿ ಅಂತ ಬೈಯುವವರಲ್ಲಿ ಎಷ್ಟು ಜನರಿಗೆ ಆ ಹೆಜ್ಜೆ ಬರುತ್ತದೋ! ಇಸ್ಪೀಟಿನ ಜೋಕರ್ ಕೂಡ ಹುಟ್ಟಿನಿಂದ ಪೆದ್ದನಲ್ಲ. 1860ರ ದಶಕದಲ್ಲಿ ಅಮೆರಿಕದವರು ಯೂಕರ್ ಎಂಬ ಆಟಕ್ಕಾಗಿ ಅವನನ್ನು ತಂದದ್ದು ಎಲ್ಲಕ್ಕಿಂತ ದೊಡ್ಡ ತುರುಫಾಗಿ. ಈ ಟೋಪಿ, ಗೆಜ್ಜೆ ಎಲ್ಲ ಆಮೇಲೆ ಬಂದವು.

ಇದನ್ನು ಹೇಳಿದರೆ ಮಾವ, "ಎಲೆ ಹಾಕು ಸಾಕು," ಅಂದರು.

ಹಾಕಿದೆ. ಈ ಸಲ ಓಪನ್ ಆದದ್ದೇ ಅಚ್ಚಿನ ಜೋಕರ್. ಹಾಗಾದಾಗ ಎಕ್ಕಗಳೆಲ್ಲ ಜೋಕರ್ ಅಂತ ಮಾವ. ನಮ್ಮೂರಲ್ಲಿ ಹಾಗಿಲ್ಲ ಅಂತ ಭಾವ. ಹುಡುಗ ಮೊಬೈಲ್ ನೋಡಿ ಎಕ್ಕವೇ ಸರಿ ಅಂದ. ಭಾವ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಎಲೆಗಳನ್ನೆಲ್ಲ ಮತ್ತೆ ಕಲಸಿದೆವು.