ಸೇಫ್ಟಿ ಪಿನ್ ಮಾಡಿದ ವಾಲ್ಟರ್ ಹಂಟ್

ಸೆರಗಿಗೆ ಹಾಕುವ ಸೇಫ್ಟಿ ಪಿನ್ ಇದೆ ಅಲ್ವಾ, ಅದಕ್ಕೆ 1849ರಲ್ಲಿ ಪೇಟೆಂಟ್ ಪಡೆದವರು ನ್ಯೂಯಾರ್ಕಿನ ವಾಲ್ಟರ್ ಹಂಟ್. 15 ಡಾಲರ್ ಸಾಲ ತೀರಿಸುವ ಚಿಂತೆಯಲ್ಲಿ ತಂತಿ ಬಗ್ಗಿಸುತ್ತಾ ಕೂತಿದ್ದಾಗ ಇದು ಹೊಳೆಯಿತಂತೆ. ಇರುವುದು ಒಂದೇ ತಂತಿ. ನಡುವೆ ಒಂದು ಸುತ್ತು, ಅದೇ ಸ್ಪ್ರಿಂಗ್. ಚೂಪಾದ ಮೊನೆ ಇನ್ನೊಂದು ತುದಿಯ ಕೊಂಡಿಯೊಳಗೆ ಹೋಗಿ ಕೂತರೆ ಸ್ಪ್ರಿಂಗ್ ಅದನ್ನು ಅಲ್ಲೇ ಒತ್ತಿ ಹಿಡಿಯುತ್ತದೆ, ಬೆರಳಿಗೂ ಚುಚ್ಚುವುದಿಲ್ಲ. ಎಷ್ಟು ಚೆಂದದ ಯೋಚನೆ! ಆ ಪೇಟೆಂಟನ್ನು ಬರೀ 400 ಡಾಲರಿಗೆ ಮಾರಿಬಿಟ್ಟರು ಎನ್ನುತ್ತಾರೆ.

ಹೊಲಿಗೆ ಮಷೀನನ್ನೂ ಅವರು 1830ರ ದಶಕದಲ್ಲೇ ಮಾಡಿದ್ದರು, ಆದರೆ ಬಟ್ಟೆ ಹೊಲಿದು ಬದುಕುವ ಹೆಂಗಸರ ಕೆಲಸ ಹೋದೀತು ಅಂತ ಆಗ ಪೇಟೆಂಟಿಗೆ ಹೋಗಲಿಲ್ಲವಂತೆ. 1846ರಲ್ಲಿ ಎಲಿಯಾಸ್ ಹೋವ್ ತಮ್ಮ ಮಷೀನಿಗೆ ಪೇಟೆಂಟ್ ಪಡೆದು ಮುಂದೆ ಶ್ರೀಮಂತರಾದರು. ನನಗೆ ಹಂಟ್ ಮೇಲೆಯೇ ಗೌರವ ಜಾಸ್ತಿ. ಶಾಲೆಯ ಪುಸ್ತಕಗಳಲ್ಲಿ ಎಡಿಸನ್ ಜೊತೆ ಇವರಿಗೂ ಒಂದು ಪುಟ ಕೊಡಬೇಕು.